ಆಲೂಗಡ್ಡೆ ಪಿಸಿ ಮತ್ತು ಹತ್ತು ಮಿಲಿಸೆಕೆಂಡ್

ಹಾಸನ ಜಿಲ್ಲೆಯವರಿಗೆ ಆಲೂಗಡ್ಡೆ ಅಂದ್ರೆ ಬೆಳೆ. ಮಳೆ ಬಂತಾ, ಬಿತ್ತನೆ ಗೆಡ್ಡೆ ಸಿಕ್ತಾ, ರೇಟು ಎಷ್ಟು ಅನ್ನೋ ಮಾತು. ಆದರೆ ಆನ್‌ಲೈನ್ ಗೇಮ್ ಆಡೋ ಹುಡುಗರ ಬಾಯಲ್ಲಿ ಅದೊಂದು ಬೈಗುಳ. ಏದುಸಿರು ಬಿಟ್ಟುಕೊಂಡು ಓಡೋ ಹಳೇ ಕಂಪ್ಯೂಟರಿಗೆ ಗೇಮರ್‌ಗಳು ಇಟ್ಟಿರೋ ಹೆಸರು ‘ಪೊಟ್ಯಾಟೊ ಪಿಸಿ’. ನಮ್ಮೂರ ಕಡೆ ಹುಡುಗರ ಹತ್ತಿರ ಇರೋದು ಹೆಚ್ಚಾಗಿ ಅದೇ.

ಇದರ ಜೊತೆಗೆ ಮನೆಮನೆಯಲ್ಲೂ ಒಂದು ಜಗಳ ನಡೀತಿರುತ್ತೆ. ಹುಡುಗ ಹೇಳ್ತಾನೆ, “ಎಫ್‌ಪಿಎಸ್ ಬರ್ತಿಲ್ಲ, ಹೊಸ ಲ್ಯಾಪ್‌ಟಾಪ್ ಬೇಕು.” ಅಪ್ಪ ಹೇಳ್ತಾರೆ, “ಇರೋದ್ರಲ್ಲೇ ಆಟ ಓಡ್ತಿದೆಯಲ್ಲ, ಇನ್ನೇನು?” ಇಬ್ಬರ ಮಾತಲ್ಲೂ ಅರ್ಧ ಸತ್ಯ ಇದೆ. ಉಳಿದ ಅರ್ಧ ಗೊತ್ತಾದ್ರೆ ಮನೆಯ ದುಡ್ಡೂ ಉಳಿಯುತ್ತೆ, ಹುಡುಗನ ಆತ್ಮವಿಶ್ವಾಸವೂ ಉಳಿಯುತ್ತೆ.

ಒಂದು ಸೆಕೆಂಡಿಗೆ ಎಷ್ಟು ಚಿತ್ರ?

ಸ್ಕೂಲಲ್ಲಿ ನೋಟ್‌ಬುಕ್ಕಿನ ಮೂಲೆಯಲ್ಲಿ ಗೊಂಬೆ ಬರೆದು ಹಾಳೆಗಳನ್ನ ಪಟಪಟ ಬಿಟ್ಟರೆ ಅದು ಓಡಿದ ಹಾಗೆ ಕಾಣ್ತಿತ್ತಲ್ಲ, ಗೇಮ್ ಕೂಡ ಅಷ್ಟೇ. ಕಂಪ್ಯೂಟರ್ ಒಂದಾದ ಮೇಲೊಂದು ಚಿತ್ರ ಬಿಡಿಸ್ತಾ ಹೋಗುತ್ತೆ. ಒಂದು ಚಿತ್ರ ಅಂದ್ರೆ ಒಂದು ಫ್ರೇಮ್. ಸೆಕೆಂಡಿಗೆ ಎಷ್ಟು ಫ್ರೇಮ್ ಬಿಡಿಸುತ್ತೋ ಅದು ಫ್ರೇಮ್ ರೇಟ್, ಅಂದ್ರೆ ಎಫ್‌ಪಿಎಸ್.

30 ಎಫ್‌ಪಿಎಸ್ ಇದ್ದರೆ ಒಂದು ಚಿತ್ರ 33 ಮಿಲಿಸೆಕೆಂಡ್ ತೆರೆ ಮೇಲಿರುತ್ತೆ. 60 ಇದ್ದರೆ ಸುಮಾರು 17. 144 ಇದ್ದರೆ ಬರೀ 7. ಒಂದು ಸೆಕೆಂಡಿಗೆ ಸಾವಿರ ಮಿಲಿಸೆಕೆಂಡ್ ಅನ್ನೋದು ನೆನಪಿರಲಿ.

“ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಅಷ್ಟೇ. ಅಣ್ಣಾವ್ರ ಪಿಕ್ಚರ್ ನೋಡುವಾಗ ಯಾವತ್ತಾದರೂ ತೊಂದರೆ ಆಗಿದೆಯಾ?” ಅಂತ ಕೇಳೋರಿದ್ದಾರೆ. ಪ್ರಶ್ನೆ ಸರಿಯಾಗೇ ಇದೆ, ಉತ್ತರ ಎರಡು. ಒಂದು, ಸಿನಿಮಾ ಕ್ಯಾಮೆರಾ ಚಲನೆಯನ್ನ ಸ್ವಲ್ಪ ಮಸುಕಾಗಿ ಹಿಡಿಯೋದರಿಂದ ಒಂದು ಚಿತ್ರ ಇನ್ನೊಂದರ ಜೊತೆ ಬೆರೆತುಹೋಗುತ್ತೆ. ಎರಡು, ಸಿನಿಮಾದಲ್ಲಿ ನಾವು ಸುಮ್ಮನೆ ಕೂತು ನೋಡ್ತೀವಿ. ಗೇಮಲ್ಲಿ ನೋಡಿ, ನಿರ್ಧಾರ ಮಾಡಿ, ಕೈ ಆಡಿಸಿ, ಅದರ ಫಲವನ್ನ ಮತ್ತೆ ನೋಡಬೇಕು. ಸ್ಟೇರಿಂಗ್ ನಮ್ಮ ಕೈಲಿದ್ದಾಗ ರಸ್ತೆ ತಡವಾಗಿ ಕಾಣಿಸಿದ್ರೆ ಏನಾಗುತ್ತೆ? ಹಾಗೆ.

ಕ್ರಿಕೆಟ್ ಲೆಕ್ಕದಲ್ಲಿ ಹೇಳ್ತೀನಿ. ನಮ್ಮ ಅರಸೀಕೆರೆ ತಾಲ್ಲೂಕಿನ ಜಾವಗಲ್ಲನ್ನ ಹೆಸರಲ್ಲೇ ಇಟ್ಟುಕೊಂಡಿರೋ ಶ್ರೀನಾಥ್ ಬೌಲಿಂಗ್ ಮಾಡ್ತಿದ್ದಾರೆ, ಚೆಂಡು ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬರ್ತಿದೆ ಅಂತ ಇಟ್ಕೊಳ್ಳಿ. ಬ್ಯಾಟ್ಸ್‌ಮನ್‌ಗೆ ಸಿಗೋದು ಅರ್ಧ ಸೆಕೆಂಡಿಗಿಂತ ಕಡಿಮೆ. ಅವನು ಚೆಂಡನ್ನ ಸೆಕೆಂಡಿಗೆ 30 ಸಲ ಮಾತ್ರ ನೋಡೋಕೆ ಸಾಧ್ಯ ಅಂದ್ರೆ, ಒಂದು ನೋಟಕ್ಕೂ ಇನ್ನೊಂದು ನೋಟಕ್ಕೂ ನಡುವೆ ಚೆಂಡು 1.3 ಮೀಟರ್ ಜಿಗಿದಿರುತ್ತೆ. 60 ಸಲ ಅಂದ್ರೆ 65 ಸೆಂಟಿಮೀಟರ್. 144 ಸಲ ಅಂದ್ರೆ 27 ಸೆಂಟಿಮೀಟರ್. ಬೌಲರ್ ಅದೇ, ಪಿಚ್ ಅದೇ. ಆದರೂ ಮೂವರು ಬ್ಯಾಟ್ಸ್‌ಮನ್‌ಗಳು ಆಡ್ತಿರೋದು ಬೇರೆ ಬೇರೆ ಆಟ.

ಶೂಟರ್ ಗೇಮಲ್ಲಿ ಎದುರಾಳಿ ಒಂದು ಬಾಗಿಲನ್ನ ದಾಟೋಕೆ 200 ಮಿಲಿಸೆಕೆಂಡ್ ತಗೋತಾನೆ ಅನ್ನಿ. 30 ಎಫ್‌ಪಿಎಸ್ ಹುಡುಗನಿಗೆ ಅವನ 6 ಚಿತ್ರ ಸಿಗುತ್ತೆ. 144 ಇರೋನಿಗೆ 28. ಯಾರು ಗುರಿ ಇಡ್ತಾರೆ, ಯಾರು ಊಹೆ ಮಾಡ್ತಾರೆ ಅನ್ನೋದು ಅಲ್ಲೇ ತೀರ್ಮಾನ ಆಗಿಬಿಡುತ್ತೆ.

ಕಾಣೋದು ಮಾತ್ರ ಅಲ್ಲ, ಒತ್ತಿದ್ದೂ ತಡ

ಹೆಚ್ಚಿನವರು ಗಮನಿಸದ ವಿಷಯ ಇದು. ನೀವು ಮೌಸ್ ಒತ್ತಿದ ಕ್ಷಣಕ್ಕೇ ಗುಂಡು ಹಾರಲ್ಲ. ಕಂಪ್ಯೂಟರ್ ಆ ಕ್ಲಿಕ್ಕನ್ನ ಓದಬೇಕು, ಲೆಕ್ಕ ಹಾಕಬೇಕು, ಗ್ರಾಫಿಕ್ಸ್ ಚಿಪ್ ಚಿತ್ರ ಬಿಡಿಸಬೇಕು, ಅದು ಸ್ಕ್ರೀನಿಗೆ ಬರಬೇಕು. ಇಷ್ಟಕ್ಕೆ ಸಾಮಾನ್ಯವಾಗಿ ಎರಡು ಮೂರು ಫ್ರೇಮಿನಷ್ಟು ಸಮಯ ಹಿಡಿಯುತ್ತೆ. ಮೂರು ಅಂತಲೇ ಇಟ್ಕೊಂಡ್ರೆ 30 ಎಫ್‌ಪಿಎಸ್‌ನಲ್ಲಿ 100 ಮಿಲಿಸೆಕೆಂಡ್, 144ರಲ್ಲಿ 21.

“ಮನುಷ್ಯನಿಗೆ ಕಂಡು ಕೈ ಆಡಿಸೋಕೇ 200 ಮಿಲಿಸೆಕೆಂಡ್ ಬೇಕು, ಇನ್ನು ಈ ಹತ್ತು ಇಪ್ಪತ್ತು ಯಾವ ಲೆಕ್ಕ?” ಅಂತ ಕೇಳಬಹುದು. ಲೆಕ್ಕ ಇದೆ. ಆ 200 ಇಬ್ಬರಿಗೂ ಇದೆ, ಹಾಗಾಗಿ ಅದು ವಜಾ ಆಗಿಬಿಡುತ್ತೆ. ಉಳಿಯೋದು ವ್ಯತ್ಯಾಸ ಮಾತ್ರ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಓಡಿದ ಪಿ.ಟಿ. ಉಷಾ ಅವರ ಸಮಯ 55.42 ಸೆಕೆಂಡ್. ಕಂಚು ಗೆದ್ದವರದ್ದು 55.41. ನಡುವೆ ಇದ್ದದ್ದು ಸೆಕೆಂಡಿನ ನೂರನೇ ಒಂದು ಭಾಗ, ಅಂದ್ರೆ 10 ಮಿಲಿಸೆಕೆಂಡ್. 60 ಎಫ್‌ಪಿಎಸ್‌ಗೂ 144ಕ್ಕೂ ಒಂದು ಫ್ರೇಮಿನಲ್ಲಿ ಇರೋ ವ್ಯತ್ಯಾಸ ಹತ್ತಿರ ಹತ್ತಿರ ಇಷ್ಟೇ.

ಸರ್ವರ್ ಕಡೆಯಿಂದಲೂ ನೋಡಿ. ವ್ಯಾಲೊರಂಟ್ 2020ರಲ್ಲಿ ಬಂದಾಗ ಅದರ ಸರ್ವರ್‌ಗಳು ಸೆಕೆಂಡಿಗೆ 128 ಸಲ ಆಟದ ಸ್ಥಿತಿಯನ್ನ ಲೆಕ್ಕ ಹಾಕ್ತವೆ ಅನ್ನೋದೇ ದೊಡ್ಡ ಸುದ್ದಿ ಆಗಿತ್ತು. ಸರ್ವರ್ 128 ಸಲ ಲೆಕ್ಕ ಹಾಕುವಾಗ ನಿಮ್ಮ ಕಂಪ್ಯೂಟರ್ ತೋರಿಸೋದು 30 ಸಲ ಅಂದ್ರೆ, ನಡುವೆ ನಡೆದದ್ದು ನಿಮ್ಮ ಕಣ್ಣಿಗೆ ಬೀಳಲ್ಲ.

ನೆಟ್ಟಿನ ತಪ್ಪಾ, ಫ್ರೇಮಿನ ತಪ್ಪಾ?

ನಮ್ಮ ಕಡೆ ಏನೇ ಆದರೂ “ನೆಟ್ ಸ್ಲೋ” ಅಂತ ಒಂದೇ ಮಾತು. ಆದರೆ ಪಿಂಗ್ ಬೇರೆ, ಫ್ರೇಮ್ ರೇಟ್ ಬೇರೆ. ನಿಮ್ಮ ಮಾತು ಸರ್ವರ್‌ಗೆ ಹೋಗಿ ವಾಪಸ್ ಬರೋಕೆ ಹಿಡಿಯೋ ಸಮಯ ಪಿಂಗ್. ನಿಮ್ಮ ಮಷಿನ್ ಚಿತ್ರ ಬಿಡಿಸೋ ವೇಗ ಫ್ರೇಮ್ ರೇಟ್.

ಪಿಂಗ್ ಅಂದ್ರೇನು ಅಂತ ಅರ್ಥ ಆಗೋಕೆ ಹಾಸನದಲ್ಲೇ ಒಳ್ಳೆ ಉದಾಹರಣೆ ಇದೆ. 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇಲ್ಲಿಂದ ಉಪಗ್ರಹಗಳನ್ನ ನಿಯಂತ್ರಿಸ್ತಾ ಬಂದಿದೆ. ಅವು ಇರೋದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಸಿಗ್ನಲ್ ಬೆಳಕಿನ ವೇಗದಲ್ಲೇ ಹೋದರೂ ಮೇಲೆ ಹತ್ತಿ ಕೆಳಗಿಳಿಯೋಕೆ 240 ಮಿಲಿಸೆಕೆಂಡ್ ಬೇಕು. ಅಂಥ ಉಪಗ್ರಹದ ಮೂಲಕ ಗೇಮ್ ಆಡಿದ್ರೆ ನೀವು ಕೇಳಿದ್ದಕ್ಕೆ ಉತ್ತರ ಬರೋ ಹೊತ್ತಿಗೆ ಹತ್ತಿರ ಹತ್ತಿರ ಅರ್ಧ ಸೆಕೆಂಡ್. ಅದಕ್ಕೇ ನೆಲದಡಿಯ ಫೈಬರ್ ಬೇಕು, ಹತ್ತಿರದ ಸರ್ವರ್ ಬೇಕು.

ಹಾಗಾದ್ರೆ ನಿಮ್ಮ ತೊಂದರೆ ಯಾವುದು ಅಂತ ಕಂಡುಹಿಡಿಯೋದು ಹೇಗೆ? ಎದುರಾಳಿ ಇಲ್ಲದ ಪ್ರಾಕ್ಟೀಸ್ ಮೋಡ್‌ಗೆ ಹೋಗಿ ಮೌಸನ್ನ ಜೋರಾಗಿ ಎಡಕ್ಕೆ ಬಲಕ್ಕೆ ತಿರುಗಿಸಿ. ಅಲ್ಲೂ ಚಿತ್ರ ತಡವರಿಸಿದ್ರೆ ಅದು ಫ್ರೇಮ್. ಅಲ್ಲಿ ನೀರು ಹರಿದ ಹಾಗಿದ್ದು, ಮ್ಯಾಚಲ್ಲಿ ಮಾತ್ರ ಎದುರಾಳಿಗಳು ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಎದ್ದರೆ ಅದು ನೆಟ್. ಎಷ್ಟೋ ಮನೆಗಳಲ್ಲಿ ಇದನ್ನ ನೋಡದೆ ಇಂಟರ್‌ನೆಟ್ ಕಂಪನಿ ಬದಲಾಯಿಸ್ತಾರೆ.

ಐದು ಜನ, ಐದು ಮಷಿನ್

ನನ್ನ ಅಕ್ಕನ ಮನೆ ಹೊಳೆನರಸೀಪುರದಲ್ಲಿ. ಅವಳ ಮಗ ದಿನಾ ಬಸ್ಸಲ್ಲಿ ಹಾಸನದ ಕಾಲೇಜಿಗೆ ಹೋಗಿಬರ್ತಾನೆ. ಕಾಲೇಜು ಫೆಸ್ಟ್‌ಗೆ ವ್ಯಾಲೊರಂಟ್ ಟೀಮ್ ಕಟ್ಟಿದ್ರು. ಹಾಸನದವನೊಬ್ಬ, ಚನ್ನರಾಯಪಟ್ಟಣದ ಇಬ್ಬರು, ಅರಕಲಗೂಡಿನವನೊಬ್ಬ, ಮತ್ತೆ ಇವನು. ಹಾಸನದವನ ಹತ್ತಿರ 144 ಹರ್ಟ್ಜ್ ಮಾನಿಟರ್ ಇರೋ ಪಿಸಿ. ಅರಕಲಗೂಡಿನವನದ್ದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ನಮ್ಮವನದ್ದು ಓದೋಕೆ ಅಂತ ತೆಗೆದುಕೊಟ್ಟ ಸಾಧಾರಣ ಲ್ಯಾಪ್‌ಟಾಪ್.

ಪ್ರಾಕ್ಟೀಸ್ ಎಲ್ಲ ಅವರವರ ಮನೆಯಿಂದಲೇ. ಒಂದು ತಿಂಗಳಾದ ಮೇಲೆ ಟೀಮಲ್ಲಿ ಮಾತು ಶುರುವಾಯ್ತು: ಇವನ ಕೈ ಸ್ಲೋ, ಬೇರೆಯವರನ್ನ ಹಾಕ್ಕೊಳ್ಳೋಣ.

ಅಕ್ಕ ಫೋನ್ ಮಾಡಿದಳು. “ಏನೋ ತೊಂಬತ್ತು ಸಾವಿರದ ಲ್ಯಾಪ್‌ಟಾಪ್ ಬೇಕಂತೆ ಕಣೋ. ಈ ಸಲ ಶುಂಠಿ ರೇಟು ಬಿದ್ದಿದೆ, ಎಲ್ಲಿಂದ ತರೋದು? ಊಟ ಸರಿಯಾಗಿ ಮಾಡ್ತಿಲ್ಲ. ನೀನೇ ಒಂದ್ಸಲ ಬಂದು ಹೇಳು ಅವನಿಗೆ.”

ಹೋದೆ. ಹುಡುಗ ಲ್ಯಾಪ್‌ಟಾಪ್ ವಿಷಯ ಎತ್ತಲೇ ಇಲ್ಲ. ಕೇಳಿದ್ದು ಬೇರೆ. “ಮಾವ, ನಿಜ ಹೇಳಿ. ನನ್ ಕೈ ಸ್ಲೋನಾ?”

ನನಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಟೀಮಿನವರಿಗಂತೂ ಖಂಡಿತ ಗೊತ್ತಿರಲಿಲ್ಲ. ನಾನು ಕೆಲಸ ಮಾಡೋದು ಮೊಬೈಲ್ ಆ್ಯಪ್ ಮೇಲೆ. ಅಲ್ಲೂ ಇದೇ ಗಾದೆ: ಸ್ಕ್ರೀನ್ ತಡವರಿಸ್ತಿದೆ ಅಂತ ಯಾರಾದರೂ ದೂರು ಕೊಟ್ಟರೆ ಮೊದಲು ಅಳೆಯಬೇಕು, ಆಮೇಲೆ ಬೈಯಬೇಕು. ಗೇಮಿನ ಸೆಟ್ಟಿಂಗ್ಸಲ್ಲಿ ಎಫ್‌ಪಿಎಸ್ ತೋರಿಸೋ ಆಯ್ಕೆ ಆನ್ ಮಾಡಿದ್ವಿ. ಸುಮ್ಮನೆ ನಿಂತಾಗ 45. ಓಡಿದಾಗ 38. ಹೊಗೆ ಬಾಂಬ್ ಬಿದ್ದು ನಾಲ್ಕು ಜನ ಎದುರಾದಾಗ ಇಪ್ಪತ್ತರ ಆಸುಪಾಸು. ಅಂದ್ರೆ ಜಗಳ ನಡೆಯೋ ಹೊತ್ತಿಗೇ ಅವನ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ.

ಇಲ್ಲಿ ಸರಾಸರಿ ಅನ್ನೋದು ಮೋಸ ಮಾಡುತ್ತೆ. ಹಾಸನದಿಂದ ಬೆಂಗಳೂರಿಗೆ ಹೊರಟ ಬಸ್ಸು ಚನ್ನರಾಯಪಟ್ಟಣ, ಕುಣಿಗಲ್ ಎಲ್ಲ ಸರ್ರಂತ ದಾಟಿ ನೆಲಮಂಗಲದಲ್ಲಿ ಮುಕ್ಕಾಲು ಗಂಟೆ ನಿಂತರೂ ಸರಾಸರಿ ವೇಗ ಚೆನ್ನಾಗೇ ಕಾಣುತ್ತೆ. ಇಂಟರ್‌ವ್ಯೂ ಮಾತ್ರ ತಪ್ಪಿಹೋಗಿರುತ್ತೆ. ಸರಾಸರಿ 100 ಇದ್ದು ಆಗಾಗ 35ಕ್ಕೆ ಬೀಳೋದಕ್ಕಿಂತ, ಅಲ್ಲಾಡದ 60 ಎಷ್ಟೋ ವಾಸಿ.

ಆಮೇಲೆ ಒಂದೊಂದಾಗಿ ಸರಿಮಾಡಿದ್ವಿ. ಅವನು ಚೆನ್ನಾಗಿ ಕಾಣ್ಲಿ ಅಂತ ಗ್ರಾಫಿಕ್ಸ್ ‘ಹೈ’ನಲ್ಲಿ ಇಟ್ಟಿದ್ದ. ಎಲ್ಲ ‘ಲೋ’ಗೆ ಇಳಿಸಿದ್ವಿ, ರೆಸಲ್ಯೂಷನ್ ಕೂಡ ಇಳಿಸಿದ್ವಿ. ಬ್ಯಾಟರಿ ಉಳಿಸೋ ಮೋಡ್ ತೆಗೆದು, ಚಾರ್ಜರ್ ಹಾಕಿಕೊಂಡೇ ಆಡೋದು ಅಂತಾಯ್ತು. ಹಿಂದೆ ತೆರೆದಿದ್ದ ಇಪ್ಪತ್ತು ಬ್ರೌಸರ್ ಟ್ಯಾಬ್ ಮುಚ್ಚಿದ್ವಿ. ಹಾಸಿಗೆ ಮೇಲಿಂದ ಮೇಜಿನ ಮೇಲೆ ತಂದು, ಗಾಳಿ ಆಡಲಿ ಅಂತ ಹಿಂಬದಿಗೆ ಎರಡು ಪುಸ್ತಕ ಕೊಟ್ಟು ಎತ್ತರಿಸಿದ್ವಿ. ಕೊನೆಗೆ ಹಾಸನದ ಅಂಗಡಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ರ‍್ಯಾಮ್ ತಂದು ಖಾಲಿ ಇದ್ದ ಸ್ಲಾಟಿಗೆ ಹಾಕಿದ್ವಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಚಿತ್ರ ಬಿಡಿಸೋ ಚಿಪ್ಪಿಗೂ ಇದೇ ರ‍್ಯಾಮ್ ಬೇಕು. ಒಂದರ ಬದಲು ಎರಡಿದ್ರೆ ಒಂದೇ ಬಾಗಿಲಿನ ಬದಲು ಎರಡು ಬಾಗಿಲಿಂದ ಡೇಟಾ ಓಡಾಡುತ್ತೆ. ಖರ್ಚು ಎರಡು ಸಾವಿರ ದಾಟಲಿಲ್ಲ. ಎಫ್‌ಪಿಎಸ್ ಎಂಬತ್ತರ ಹತ್ತಿರ ಬಂತು. ಹೊಗೆಯಲ್ಲೂ 60ಕ್ಕಿಂತ ಕೆಳಗೆ ಬೀಳೋದು ಅಪರೂಪ ಆಯ್ತು.

ಚಿತ್ರ ಮಂಕಾದ್ರೆ ಆಟ ಕೆಡಲ್ವಾ ಅಂತ ಅವನು ಕೇಳಿದ. ಅಮೆರಿಕದ ವುಸ್ಟರ್ ಪಾಲಿಟೆಕ್ನಿಕ್ ಸಂಸ್ಥೆಯ ಮಾರ್ಕ್ ಕ್ಲೇಪೂಲ್ ಮತ್ತು ಸಂಗಡಿಗರು 2006ರಲ್ಲೇ ಇದನ್ನ ಪರೀಕ್ಷೆ ಮಾಡಿದ್ದಾರೆ. ಸೆಕೆಂಡಿಗೆ 3 ಫ್ರೇಮಿನಿಂದ 60ರವರೆಗೆ ಬೇರೆ ಬೇರೆ ವೇಗದಲ್ಲಿ, ಬೇರೆ ಬೇರೆ ರೆಸಲ್ಯೂಷನ್ನಿನಲ್ಲಿ ಜನರಿಂದ ಶೂಟರ್ ಗೇಮ್ ಆಡಿಸಿದ್ರು. ಫ್ರೇಮ್ ರೇಟ್ ಬಿದ್ದಾಗ ಆಟಗಾರರ ಸಾಧನೆ ಬಿತ್ತು. ರೆಸಲ್ಯೂಷನ್ ಇಳಿಸಿದಾಗ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಆಗಲಿಲ್ಲ. ಕೌಂಟರ್ ಸ್ಟ್ರೈಕ್‌ನ ವೃತ್ತಿಪರ ಆಟಗಾರರಲ್ಲೂ ಎಷ್ಟೋ ಜನ ದುಬಾರಿ ಮಷಿನ್ ಇಟ್ಟುಕೊಂಡು ಬೇಕಂತಲೇ ಕಮ್ಮಿ ರೆಸಲ್ಯೂಷನ್ನಿನಲ್ಲಿ ಆಡ್ತಾರೆ. ಆ ಆಟಕ್ಕೆ ಬೇಕಾದ್ದು ಅಂದ ಅಲ್ಲ, ಸಮಯ.

ಇಷ್ಟಾದ ಮೇಲೆ ಅವನು ಚಾಂಪಿಯನ್ ಆದ ಅಂದುಕೊಂಡ್ರಾ? ಇಲ್ಲ. ಫೆಸ್ಟಲ್ಲಿ ಎರಡನೇ ಸುತ್ತಲ್ಲಿ ಟೀಮ್ ಸೋತಿತು. ಆದರೆ ಅವನನ್ನ ತೆಗೀಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಮ್ಯಾಚ್ ಮುಗಿಸಿ ಅವನು ಫೋನಲ್ಲಿ ಹೇಳಿದ ಮಾತು: “ಮಾವ, ಈಗ ಗೊತ್ತಾಯ್ತು. ನಾನು ಓಡ್ತಾ ಓಡ್ತಾನೇ ಶೂಟ್ ಮಾಡ್ತೀನಿ, ನಿಂತು ಹೊಡೀಬೇಕು. ಅದನ್ನ ಪ್ರಾಕ್ಟೀಸ್ ಮಾಡ್ಬೇಕು.” ಮೊದಲು ಅವನ ಸೋಲಲ್ಲಿ ಮಷಿನ್ನಿನ ಪಾಲು ಎಷ್ಟು, ತನ್ನ ಪಾಲು ಎಷ್ಟು ಅಂತ ಬೇರೆ ಮಾಡೋಕೇ ಆಗ್ತಿರಲಿಲ್ಲ. ಈಗ ಸೋಲು ಅವನದ್ದೇ. ತಿದ್ದಿಕೊಳ್ಳಬಹುದು. ತೊಂಬತ್ತು ಸಾವಿರದ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

ಎಲ್ಲಿಗೆ ನಿಲ್ಲಿಸಬೇಕು?

ಕಾಸು ಬಿಚ್ಚೋ ಮೊದಲು ಈ ಲೆಕ್ಕ ನೋಡಿ. 30ರಿಂದ 60ಕ್ಕೆ ಹೋದರೆ ಪ್ರತಿ ಫ್ರೇಮಿನಲ್ಲಿ 17 ಮಿಲಿಸೆಕೆಂಡ್ ಉಳಿಯುತ್ತೆ. 60ರಿಂದ 144ಕ್ಕೆ ಸುಮಾರು 10. 144ರಿಂದ 240ಕ್ಕೆ 3 ಕೂಡ ಇಲ್ಲ. 240ರಿಂದ 360ಕ್ಕೆ ಒಂದೂವರೆಯೂ ಇಲ್ಲ. ಖರ್ಚು ಮಾತ್ರ ಇದಕ್ಕೆ ಉಲ್ಟಾ ಏರುತ್ತೆ. ಮೊದಲನೇ ಮೆಟ್ಟಿಲನ್ನ ಎಷ್ಟೋ ಸಲ ಸೆಟ್ಟಿಂಗ್ಸ್ ಬದಲಾಯಿಸಿಯೇ ಹತ್ತಬಹುದು. ಎರಡನೇದು, ನಿಜವಾಗಲೂ ಸ್ಪರ್ಧೆಗೆ ಇಳಿಯೋರಿಗೆ. ಮೂರನೇದು, ಆಟದಿಂದಲೇ ಅನ್ನ ಸಂಪಾದಿಸೋರಿಗೆ.

ಎನ್‌ವಿಡಿಯಾದಂಥ ಗ್ರಾಫಿಕ್ಸ್ ಕಾರ್ಡ್ ಕಂಪನಿಗಳು ಎಫ್‌ಪಿಎಸ್ ಹೆಚ್ಚಿದ್ದೋರೇ ಹೆಚ್ಚು ಗೆಲ್ತಾರೆ ಅಂತ ಗ್ರಾಫ್ ತೋರಿಸಿವೆ. ನಂಬೋ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ದಿನಕ್ಕೆ ಆರು ಗಂಟೆ ಆಡೋನೇ ತಾನೆ ದುಬಾರಿ ಕಾರ್ಡ್ ತಗೊಳ್ಳೋದು? ಗೆದ್ದಿದ್ದು ಕಾರ್ಡಾ, ಆರು ಗಂಟೆಯಾ?

ಮಾನಿಟರ್ ವಿಷಯವೂ ಇದೆ. 60 ಹರ್ಟ್ಜ್ ಸ್ಕ್ರೀನ್ ಸೆಕೆಂಡಿಗೆ 60 ಸಲ ಮಾತ್ರ ಬದಲಾಗುತ್ತೆ. ಕಂಪ್ಯೂಟರ್ 200 ಫ್ರೇಮ್ ಕೊಟ್ಟರೂ ಕಾಣೋ ಲಾಭ ಅಲ್ಪ. ಉಲ್ಟಾ, 144 ಹರ್ಟ್ಜ್ ಮಾನಿಟರ್ ತಂದು ಮಷಿನ್ 50 ಕೊಟ್ಟರೆ ಮಾನಿಟರ್ ದುಡ್ಡು ದಂಡ.

ಫೋನಲ್ಲಿ ಬಿಜಿಎಂಐ ಆಡೋರಿಗೂ ಇದೇ ಮಾತು. 2021ರ ಜುಲೈನಲ್ಲಿ ಈ ಗೇಮ್ ಬಂದಾಗಿನಿಂದ ಅದರಲ್ಲಿ ಯಾವ ಫ್ರೇಮ್ ರೇಟ್ ಸಿಗುತ್ತೆ ಅನ್ನೋದು ಫೋನಿನ ಮೇಲೆ ನಿಂತಿದೆ. ಗ್ರಾಫಿಕ್ಸ್ ‘ಸ್ಮೂತ್’ ಇಟ್ಟು ಫ್ರೇಮ್ ರೇಟ್ ‘ಎಕ್ಸ್‌ಟ್ರೀಮ್’ ಮಾಡಿದ್ರೆ 60. ಕೆಲವು ಫೋನ್‌ಗಳಿಗೆ ಮಾತ್ರ 90, 120. ಡಬ್ಬದ ಮೇಲೆ 120 ಹರ್ಟ್ಜ್ ಅಂತ ಇದ್ದರೆ ಅದು ಸ್ಕ್ರೀನಿನ ಲೆಕ್ಕ, ಗೇಮ್ ಅಷ್ಟು ಕೊಡುತ್ತೆ ಅಂತಲ್ಲ. ‘ಟಚ್ ಸ್ಯಾಂಪ್ಲಿಂಗ್’ ಅಂತ ಇನ್ನೊಂದು ದೊಡ್ಡ ನಂಬರ್ ಹಾಕಿರ್ತಾರೆ, ಅದು ಬೆರಳು ಮುಟ್ಟಿದ್ದನ್ನ ಓದೋ ವೇಗ. ಮತ್ತೆ ಚಾರ್ಜಿಗೆ ಹಾಕಿಕೊಂಡು ಆಡಬೇಡಿ. ಫೋನ್ ಬಿಸಿಯಾದ್ರೆ ತನ್ನನ್ನ ಉಳಿಸಿಕೊಳ್ಳೋಕೆ ತಾನೇ ವೇಗ ಇಳಿಸುತ್ತೆ, ಅದೂ ಸಾಮಾನ್ಯವಾಗಿ ಕೊನೇ ಸರ್ಕಲ್ ಹೊತ್ತಿಗೆ.

ಟ್ರ್ಯಾಕ್ ಒಂದೇ ಇರಲಿ

2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನ ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂತು. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡೋ ಆಟಗಳನ್ನ ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ. ಇದನ್ನ ಕ್ರೀಡೆ ಅಂತ ಕರೆದ ಮೇಲೆ ಮೈದಾನ ಸಮ ಇದೆಯಾ ಅಂತಲೂ ಕೇಳಬೇಕಲ್ವಾ? ದೊಡ್ಡ ಟೂರ್ನಮೆಂಟ್‌ಗಳಲ್ಲಿ ಸ್ಟೇಜ್ ಮೇಲೆ ಎಲ್ಲರಿಗೂ ಒಂದೇ ಥರದ ಕಂಪ್ಯೂಟರ್, ಒಂದೇ ಥರದ ಮಾನಿಟರ್ ಕೊಡ್ತಾರೆ. ನಮ್ಮ ಕಾಲೇಜು ಫೆಸ್ಟ್‌ಗಳಲ್ಲಿ ‘ನಿಮ್ಮ ನಿಮ್ಮ ಲ್ಯಾಪ್‌ಟಾಪ್ ತನ್ನಿ’ ಅಂತಾರೆ. ಆಗ ಪೈಪೋಟಿ ನಡೆಯೋದು ಹುಡುಗರ ನಡುವೆ ಅಲ್ಲ, ಅವರ ಅಪ್ಪಂದಿರ ಜೇಬುಗಳ ನಡುವೆ.

ಇದನ್ನ ಸರಿಮಾಡೋಕೆ ಕೋಟಿ ಬೇಕಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಇರೋ ಹತ್ತು ಒಂದೇ ಥರದ ಕಂಪ್ಯೂಟರ್‌ಗಳನ್ನ ಒಂದು ಶನಿವಾರ ಬಿಟ್ಟುಕೊಟ್ಟರೆ ಸಾಕು. ಅದೂ ಆಗದಿದ್ರೆ, ಎಲ್ಲರೂ ಗೇಮಿನ ಸೆಟ್ಟಿಂಗ್ಸಲ್ಲಿ ಫ್ರೇಮ್ ರೇಟನ್ನ 60ಕ್ಕೆ ಕಟ್ಟಿಹಾಕಬೇಕು ಅಂತ ಒಂದು ನಿಯಮ ಮಾಡಬಹುದು. ಆಗ ಅರಕಲಗೂಡಿನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಹುಡುಗನಿಗೂ ಹಾಸನದವನಿಗೂ ಅಂತರ ಎಷ್ಟೋ ಕಮ್ಮಿ ಆಗುತ್ತೆ.

ಉಷಾ ಹತ್ತು ಮಿಲಿಸೆಕೆಂಡಿಗೆ ಪದಕ ಕಳಕೊಂಡ್ರು, ನಿಜ. ಆದರೆ ಅಲ್ಲಿ ಎಲ್ಲರೂ ಓಡಿದ್ದು ಒಂದೇ ಟ್ರ್ಯಾಕಿನಲ್ಲಿ, ಅಳೆದದ್ದು ಒಂದೇ ಗಡಿಯಾರ. ನಿಮ್ಮ ಮನೆಯಲ್ಲಿ ಯಾರಾದರೂ “ಲ್ಯಾಗ್ ಆಗ್ತಿದೆ” ಅಂತ ಗೊಣಗಿದ್ರೆ ಬೈಯೋಕೂ ಹೋಗಬೇಡಿ, ಅಂಗಡಿಗೂ ಹೋಗಬೇಡಿ. “ಎಷ್ಟು ತೋರಿಸ್ತಿದೆ, ಹೊಗೆ ಬಿದ್ದಾಗ ಎಷ್ಟಕ್ಕೆ ಇಳಿಯುತ್ತೆ?” ಅಂತ ಕೇಳಿ. ಮಾತು ಅಲ್ಲಿಂದ ಶುರುವಾಗಲಿ.